ಕೆರೆ ಕಡೆಗೆ ಗೋಡೆಯಿರುವ ಮನೆ

"ಮೇಡಂ, ನಮ್ದು ಕಪಲ್ ಫ್ರೆಂಡ್ಲಿ ಪ್ರಾಪರ್ಟಿ. ಪೇಷಂಟ್‌ಗಳಿಗೆಲ್ಲ ಸೆಟ್ ಆಗಲ್ಲ," ಎಂದ ಫೋನಿನಲ್ಲಿದ್ದ ಹುಡುಗ.

"ನಾವೂ ಕಪಲ್ಲೇ ಕಣಪ್ಪ," ಎಂದೆ. "ನಿಮ್ಮಲ್ಲಿಗೆ ಬರೋ ಯಾವ ಕಪಲ್ಲಿಗೆ ನಲವತ್ತು ವರ್ಷ ಸರ್ವೀಸ್ ಆಗಿದೆ, ಹೇಳು ನೋಡೋಣ."

ಅವನು ಫೋನ್ ಇಟ್ಟುಬಿಟ್ಟ. ಆ ವಾರ ಹಾಗೆ ಫೋನ್ ಇಟ್ಟವರಲ್ಲಿ ಅವನೇನೂ ಮೊದಲಿನವನಲ್ಲ. ಅವನಿಗಿಂತ ಮೊದಲು ಒಬ್ಬಳು, "ಅಂಥವರನ್ನ ನೀರಿನ ಹತ್ರ ಯಾಕೆ ಕರ್ಕೊಂಡು ಬರ್ತೀರಮ್ಮ, ಯಾವುದಾದ್ರೂ ದೇವಸ್ಥಾನಕ್ಕೆ ಹೋಗಿ," ಎಂದು ಬುದ್ಧಿ ಹೇಳಿದ್ದಳು. ನಮ್ಮ ದೇಶದಲ್ಲಿ ಎಲ್ಲಕ್ಕೂ ಬರ ಬಂದೀತು, ಬಿಟ್ಟಿ ಬುದ್ಧಿ ಹೇಳುವವರಿಗೆ ಬರವಿಲ್ಲ.

ನನ್ನ ಹೆಸರು ಸತ್ಯವತಿ. ರಾಜಗೋಪಾಲನಗರದಲ್ಲಿ ನಮ್ಮ ಮನೆ. ನಮ್ಮ ಯಜಮಾನರು ಕೃಷ್ಣಸ್ವಾಮಿ, ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಆಯುಷ್ಯವೆಲ್ಲ ಸವೆಸಿ ನಿವೃತ್ತರಾದವರು. ನಾಲ್ಕು ವರ್ಷಗಳಿಂದ ಅವರಿಗೆ ಮರೆವಿನ ಕಾಯಿಲೆ. ಡಾಕ್ಟರು ಡಿಮೆನ್ಷಿಯಾ ಎನ್ನುತ್ತಾರೆ. ನೆಂಟರು, "ವಯಸ್ಸಾಯ್ತಲ್ಲ, ಇನ್ನೇನು," ಎಂದು ಕಾಫಿ ಕುಡಿದು ಹೋಗುತ್ತಾರೆ. ಕಳೆದ ಆಷಾಢದಲ್ಲಿ ನನ್ನ ಹೆಸರೂ ಅವರ ತಲೆಯಿಂದ ಜಾರಿತು. ಕೆಲವು ದಿನ ನಾನು ಅವರ ಅಕ್ಕ, ಕೆಲವು ದಿನ ಕೆಲಸದವಳು, ಬಹಳ ಒಳ್ಳೆಯ ದಿನವಾದರೆ "ಏ ಇವಳೇ."

ನೀರಿನ ಪಕ್ಕದ ಮನೆಯಲ್ಲಿ ನಾಲ್ಕು ದಿನ ಇರಬೇಕೆಂಬ ಈ ಹುಚ್ಚು ಅವರದ್ದೆಂದು ಎಲ್ಲರೂ ತಿಳಿದಿದ್ದಾರೆ. ಪಾಪ, ಕೊನೆಗಾಲದಲ್ಲಿ ಗಂಡನ ಆಸೆ ತೀರಿಸುತ್ತಿದ್ದಾಳೆ ಎಂದು ಪಕ್ಕದ ಮನೆಯವರು ನನ್ನನ್ನು ಹೊಗಳುತ್ತಾರೆ. ಸುಳ್ಳು. ಆಸೆ ನನ್ನದು. ನಾನು ಬಾಳಿದ್ದು ಪೀಣ್ಯದ ಕಬ್ಬಿಣದ ಪುಡಿಯ ಗಾಳಿಯಲ್ಲಿ. ನನ್ನ ಪಾಲಿಗೆ ನೀರೆಂದರೆ ಟ್ಯಾಂಕರು, ಕೊಡ, ಮೋಟರು ಯಾರು ಹಾಕಬೇಕೆಂಬ ಜಗಳ. ಸುಮ್ಮನೆ ಬಿದ್ದಿರುವ ನೀರಿನ ಮುಂದೆ, ತುಂಬಿಸಬೇಕು ಕಾಯಿಸಬೇಕು ಎಂಬ ಗೊಡವೆಯಿಲ್ಲದೆ, ಗಂಡನ ಪಕ್ಕದಲ್ಲಿ ನಾಲ್ಕು ದಿನ ಕೂತಿರಬೇಕೆಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಆಗಲಿ ಎಂದಿದ್ದರು. ಆಗಲೇ ಇಲ್ಲ. ಈಗ ಅವರಲ್ಲಿ ಉಳಿದಿರುವಷ್ಟು ಗಂಡನನ್ನಾದರೂ ಕರೆದುಕೊಂಡು ಹೋಗಿ ಕೂರುತ್ತೇನೆ ಎಂದು ನಾನು ಹಟ ಹಿಡಿದಿದ್ದೆ.

ನಮ್ಮ ಮಗಳು ಸುಕೃತಿಗೆ ಇದು ಹಿಡಿಸಲಿಲ್ಲ. ಅವಳೂ ಅಳಿಯ ಋಷಿಕೇಶನೂ ದೊಡ್ಡನೆಕ್ಕುಂದಿಯಲ್ಲಿದ್ದಾರೆ.

"ಅಮ್ಮ, ನೀನು ಹೋಗಿ ಬಾ," ಎಂದಳು. "ನಾಲ್ಕು ದಿನ ಅಪ್ಪನ್ನ ಕೇರ್ ಸೆಂಟರ್‌ನಲ್ಲಿ ಇಡೋಣ. ಟ್ರೇನ್ಡ್ ಜನ ಇರ್ತಾರೆ. ನಿನಗೂ ರೆಸ್ಟ್ ಆಗುತ್ತೆ."

"ಇಡೋಕೆ ಅವರೇನು ಸೂಟ್‌ಕೇಸಾ?"

"ಹಾಗಲ್ಲಮ್ಮ. ಅಪ್ಪನಿಗೆ ಎಲ್ಲಿದ್ದೀನಿ ಅನ್ನೋದೇ ಗೊತ್ತಾಗಲ್ಲ. ನೀರು ಕಂಡ್ರೇನು, ಗೋಡೆ ಕಂಡ್ರೇನು? ಮಾರನೇ ದಿನಕ್ಕೆ ನೆನಪಿರುತ್ತಾ ಅವರಿಗೆ?"

"ನನಗೆ ನೆನಪಿರುತ್ತೆ. ನಾನೂ ಇದ್ದೀನಿ ಕಣೆ ಈ ಮನೇಲಿ. ನಿಮ್ಮ ಕಣ್ಣಿಗೆ ನಾನು ಅಪ್ಪನ ಮಾತ್ರೆ ಡಬ್ಬಿ ಥರ ಕಾಣ್ತೀನಿ, ಅಷ್ಟೇ."

ಅವಳು ಅಳುವುದಕ್ಕೆ ಶುರುಮಾಡಿದಳು. ಈ ಕಾಯಿಲೆ ಬಂದಾಗಿನಿಂದ ಎಲ್ಲರೂ ನನ್ನ ಮುಂದೆ ಅಳುತ್ತಾರೆ, ನಾನು ಎಲ್ಲರಿಗೂ ಸಮಾಧಾನ ಹೇಳಬೇಕು. ಅವತ್ತು ಹೇಳಲಿಲ್ಲ. ಅತ್ತು ಮುಗಿಸಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿ ಹುರುಳಿಕಾಯಿ ಹೆಚ್ಚುತ್ತಾ ಕೂತೆ.

ಮನೆ ಹುಡುಕುವ ಕೆಲಸವಾದರೂ ಸುಲಭವಿತ್ತೆ? ಮೊಬೈಲಿನಲ್ಲಿ ತೋರಿಸುವ ಆ ಮನೆಗಳನ್ನು ಕಟ್ಟಿದವರಿಗೆ ಜನ್ಮದಲ್ಲಿ ವಯಸ್ಸಾಗುವುದಿಲ್ಲವೋ ಏನೋ. ನೆಲದಿಂದ ಸೂರಿನವರೆಗೆ ಗಾಜಿನ ಬಾಗಿಲು. ಅದನ್ನು ತಳ್ಳಿದರೆ ಮರದ ಹಲಗೆ, ಹಲಗೆ ಮುಗಿದಲ್ಲಿ ನೀರು, ನಡುವೆ ಒಂದು ಹಗ್ಗವೂ ಇಲ್ಲ. ಬಾಗಿಲ ಮುಂದೆ ಕಪ್ಪು ಮ್ಯಾಟು. ನಮ್ಮ ಯಜಮಾನರಿಗೆ ಕಪ್ಪು ಮ್ಯಾಟೆಂದರೆ ಗುಂಡಿ, ದಾಟದೆ ಅಲ್ಲೇ ನಡುಗುತ್ತಾ ನಿಲ್ಲುತ್ತಾರೆ. ಬಚ್ಚಲಿನಲ್ಲಿ ಗೋಡೆಯಗಲ ಕನ್ನಡಿ. ಇವರು ಕನ್ನಡಿಯೊಳಗಿನ ಮುದುಕನನ್ನು, "ಯಾರ್ರೀ ನೀವು, ಹೆಂಗಸರಿರೋ ಮನೆ, ಹೊರಗೆ ನಡೀರಿ," ಎಂದು ಗದರಿಸುತ್ತಾರೆ. ನಮ್ಮ ಮನೆಯ ಕನ್ನಡಿಗಳಿಗೆಲ್ಲ ನನ್ನ ಹಳೇ ಸೀರೆಯ ತುಂಡು ಹೊದಿಸಿದ್ದೇನೆ. ನಾನು ಕುಂಕುಮ ಇಟ್ಟುಕೊಳ್ಳುವುದು ಅಂದಾಜಿನ ಮೇಲೆ.

ಹಾಗಾಗಿ ನನಗೆ ಬೇಕಾದ ಮನೆಯೇ ಬೇರೆ. ನೀರು ಕಾಣಬೇಕು, ಆದರೆ ನೀರಿಗೂ ಇವರಿಗೂ ನಡುವೆ ಗೋಡೆಯಿರಬೇಕು. ಮಲಗುವಲ್ಲಿಂದ ಬಚ್ಚಲಿನ ದೀಪ ಕಾಣಬೇಕು. ಚಿಲಕ ಇವರ ಕೈಗೆ ಸಿಗದಷ್ಟು ಮೇಲಿರಬೇಕು. ಇದನ್ನು ಫೋನಿನಲ್ಲಿ ಕೇಳಿದರೆ ಆ ಕಡೆಯವರು, "ಮೇಡಂ, ವೈಫೈ ಇದೆ," ಎನ್ನುತ್ತಿದ್ದರು.

ಕೊನೆಗೆ ದಾರಿ ತೋರಿಸಿದವಳು ಸುಕೃತಿಯೇ. ಅವಳಿರುವುದು ಹನುಮಂತರಾಯಪ್ಪನವರ ಕಟ್ಟಡದಲ್ಲಿ. ಒಂದು ಕಾಲಕ್ಕೆ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಐದು ಅಂತಸ್ತು ಬಾಡಿಗೆಗೆ ನಿಂತಿದೆ. ಅವರ ಮಗ ಮುನಿಕೃಷ್ಣ ಹೊಸಕೋಟೆ ದಾಟಿ ಮಾಲೂರಿನ ಕಡೆ, ಒಂದು ಕೆರೆಯ ಪಕ್ಕ ಮನೆ ಮಾಡಿ ಪ್ರವಾಸದವರಿಗೆ ಬಾಡಿಗೆಗೆ ಕೊಡುತ್ತಾನಂತೆ.

"ಹೋಗಿ ನೋಡು," ಎಂದಳು. "ಆದ್ರೆ ಅಮ್ಮ, ಅದು ಸೇಫ್ ಅಲ್ಲ ಅಂತಾದ್ರೆ ಈ ವಿಷಯ ಅಲ್ಲಿಗೆ ಬಿಟ್ಟುಬಿಡ್ಬೇಕು. ಪ್ರಾಮಿಸ್ ಮಾಡು."

ಮಾಡಿದೆ. ಬೇರೆ ಗತಿಯಿರಲಿಲ್ಲ. ಕಾರು ಅವಳೇ ಬುಕ್ ಮಾಡಬೇಕು, ಅವರಪ್ಪನ ಡಾಕ್ಟರ ಹತ್ತಿರ ಅವಳೇ ಮಾತಾಡಬೇಕು. ಇಷ್ಟು ವರ್ಷ ಗಂಡ ಕರೆದುಕೊಂಡು ಹೋಗಲೆಂದು ಕಾದೆ, ಈಗ ಮಗಳ ಅಪ್ಪಣೆಗೆ ಕಾಯುತ್ತಿದ್ದೇನೆ. ಹೆಂಗಸಿನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದುಕೊಂಡು, ಬುಟ್ಟಿಗೆ ಮೊಸರನ್ನದ ಡಬ್ಬಿ ತುಂಬಿಕೊಂಡು, ಇವರಿಗೆ ಇಸ್ತ್ರಿ ಶರ್ಟು ತೊಡಿಸಿ ಹೊರಟೆ.

ದಾರಿಯುದ್ದಕ್ಕೂ ಇವರು ಅಂಗಡಿ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾ ಬಂದರು. ಓದುವುದು ಮರೆತಿಲ್ಲ, ನೋಡಿ. "ಶ್ರೀ ಬಾಲಾಜಿ ಹಾರ್ಡ್‌ವೇರ್" ನೆನಪಿದೆ, ಸತ್ಯವತಿ ನೆನಪಿಲ್ಲ.

ಕೆರೆ ಮಾತ್ರ ಕಣ್ತುಂಬುವಂತಿತ್ತು. ಆ ವರ್ಷ ಮಳೆ ಚೆನ್ನಾಗಿ ಆಗಿ ಕೋಡಿಯವರೆಗೂ ನೀರು ನಿಂತಿತ್ತು. ಗಾಳಿಗೆ ನೀರಿನ ಮೇಲೆ ಸಣ್ಣ ನೆರಿಗೆ ಏಳುತ್ತಿತ್ತು. ದೂರದಲ್ಲಿ ಎರಡು ಬೆಳ್ಳಕ್ಕಿ. ಮನೆಯ ಜಗಲಿ ಎತ್ತರದಲ್ಲಿತ್ತು, ಕೂತವರಿಗೆ ಇಡೀ ಕೆರೆ ಕಾಣುವಂತೆ. ಇವರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಸೆರಗಿನಿಂದ ಅವರ ಬಾಯಿಯ ಅಂಚು ಒರೆಸಿ, ಒಂದು ಗಳಿಗೆ ನಾನೂ ನೀರು ನೋಡುತ್ತಾ ನಿಂತೆ. ಸಿಟ್ಟು ಇಳಿದಂತೆನಿಸಿತು. ಅದು ಬಹಳ ಹೊತ್ತು ಉಳಿಯಲಿಲ್ಲ.

ಜಗಲಿಯಿಂದ ನೀರಿನವರೆಗೂ ಬೋಳು ಇಳಿಜಾರು. ಅಡ್ಡಕ್ಕೆ ಏನೂ ಇಲ್ಲ. ನೆಲದಲ್ಲಿ ಒಡೆದ ಗೋಡೆಯ ಗುರುತು ಮಾತ್ರವಿತ್ತು.

"ಗೋಡೆ ಏನಾಯ್ತು?" ಎಂದೆ.

ಮುನಿಕೃಷ್ಣ ಮೂವತ್ತೈದರ ಸುಮಾರಿನವನು, ಕತ್ತಿನಲ್ಲಿ ಚಿನ್ನದ ಸರ, ಮುಖದ ತುಂಬ ನಗು. "ಹೋದ್ವರ್ಷ ನಾನೇ ಒಡೆಸ್ಬಿಟ್ಟೆ ಆಂಟಿ. ವ್ಯೂ ಆಂಟಿ, ವ್ಯೂ! ಹಾಸಿಗೆ ಮೇಲೆ ಮಲ್ಕೊಂಡೇ ಕೆರೆ ಕಾಣ್ಬೇಕು. ಗೋಡೆ ನೋಡೋಕೆ ಯಾರ್ ಬರ್ತಾರೆ?"

"ನಾನು ಬರ್ತೀನಿ. ಸೊಂಟದ ಮಟ್ಟಕ್ಕೆ ಕಟ್ಟಿಸು, ಸಾಕು. ಜಗಲಿ ಎತ್ತರದಲ್ಲಿದೆ, ಹೇಗೂ ನೀರು ಕಾಣುತ್ತೆ."

"ಸುಮ್ನೆ ಹೆದರ್ಕೋತೀರ ಆಂಟಿ. ವೀಕೆಂಡಲ್ಲಿ ಎಷ್ಟ್ ಜನ ಹುಡುಗ್ರು ಫುಲ್ ಟೈಟಾಗಿ ಇಲ್ಲೇ ಬಿದ್ದಿರ್ತಾರೆ. ಒಬ್ರೂ ನೀರಿಗ್ ಹೋಗಿಲ್ಲ."

"ಅವರಿಗೆ ಬೆಳಗ್ಗೆ ಹೊತ್ತಿಗೆ ಅಮಲು ಇಳಿಯುತ್ತಪ್ಪ. ಇವರಿಗೆ ಇಳಿಯಲ್ಲ. ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ್ರಂತೆ ಯಾರೋ. ಹಾಗಾಯ್ತು ನಿನ್ನ ವ್ಯೂ."

ಮನೆಯ ಬದಿಯಲ್ಲಿ ಮೊರ ಹಿಡಿದು ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಪಿಳ್ಳಮ್ಮ ಕಿಸಕ್ಕನೆ ನಕ್ಕರು. ಮುನಿಕೃಷ್ಣನಿಗೆ ಅವಮಾನವಾಗಿರಬೇಕು. ಒಳಗೆ ಬನ್ನಿ, ರೂಮು ನೋಡಿ, ಆಮೇಲೆ ಮಾತಾಡಿ ಎಂದ. ಬಾಗಿಲಲ್ಲೇ ನಿಂತು ಒಳಗೆ ಕಣ್ಣು ಹಾಯಿಸಿದೆ. ಇವರನ್ನು ಬಿಟ್ಟು ಹೋಗುವಂತಿರಲಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಸೈರನ್ ಕೂಗಿತು, ಎರಡನೇ ಪಾಳಿಯದ್ದು. ಅದನ್ನು ಕೇಳಿ ನನ್ನ ತಲೆಗೆ ಬಂದದ್ದು ಒಂದೇ. ಅಯ್ಯೋ, ಎರಡಾಯಿತು, ಇವರಿಗಿನ್ನೂ ಊಟವಾಗಿಲ್ಲ. ಸೈರನ್ ಕೇಳಿ ತಟ್ಟೆ ಹಾಕಿದ ಕೈ ನನ್ನದು. ಇವರ ಕಾರ್ಖಾನೆಯ ಸೈರನ್ ನಿಂತು ಎಷ್ಟೋ ವರ್ಷವಾದರೂ ಕೈ ಮರೆತಿರಲಿಲ್ಲ. ಬುಟ್ಟಿಗೆ ಬಗ್ಗಿ ಡಬ್ಬಿ ತೆಗೆಯುತ್ತಲೇ ಜಗಳ ಮುಂದುವರಿಸಿದೆ. ಕನ್ನಡಿ ತೆಗೆಸು, ಮ್ಯಾಟು ಸುತ್ತಿಡು, ಚಿಲಕ ಮೇಲಕ್ಕೆ ಹಾಕಿಸು. ಅವನು ಒಂದೊಂದಕ್ಕೂ ಒಂದೊಂದು ನೆಪ ಹೇಳಿದ. ಚಮಚ ಸಿಗಲಿಲ್ಲ, ಹುಡುಕಿದೆ. ತಿರುಗಿ ನೋಡಿದರೆ ಕುರ್ಚಿ ಖಾಲಿ.

ಇಳಿಜಾರಿನಲ್ಲಿ ಹೇಗೆ ಇಳಿದೆನೋ ತಿಳಿಯದು. ಕಾಲಿನ ಚಪ್ಪಲಿ ಎಲ್ಲೋ ಹೋಯಿತು. ಕೆರೆಯ ಅಂಚಿನಲ್ಲಿ ನಿಂತು, "ರೀ, ರೀ," ಎಂದು ಕೂಗಿದೆ. ಪ್ರಪಂಚದಲ್ಲಿ ಎಷ್ಟು ಗಂಡಸರಿಲ್ಲ 'ರೀ' ಎನ್ನಿಸಿಕೊಳ್ಳುವವರು! ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನನಗೆ ಕಲಿಸಿದ್ದರು, ಅಲ್ಲಿಯವರೆಗೂ ಅವರನ್ನು ಹೆಸರಿಟ್ಟು ಕರೆದವಳಲ್ಲ ನಾನು. ಅವತ್ತು ಹೊಟ್ಟೆಯಿಂದ ಕಿರುಚಿದೆ. "ಕೃಷ್ಣಸ್ವಾಮೀ! ಕೃಷ್ಣಸ್ವಾಮೀ!" ನೀರು ಹಾಗೇ ನೆರಿಗೆ ಕಟ್ಟುತ್ತಾ ಬಿದ್ದಿತ್ತು. ಇಷ್ಟು ವರ್ಷ ಬಯಸಿದ ನೀರು. ಅದರ ಮೇಲೆ ಹುಟ್ಟಿದ ದ್ವೇಷವನ್ನು ಹೇಳಲಾರೆ.

ಮುನಿಕೃಷ್ಣ ಪ್ಯಾಂಟು ಮಡಿಸದೆ ಮೊಣಕಾಲುದ್ದ ನೀರಿಗಿಳಿದು ಅತ್ತ ಇತ್ತ ನೋಡಿದ. ಸಾಲದ್ದಕ್ಕೆ, ನೀರಲ್ಲಿ ನಿಂತೇ ಸುಕೃತಿಗೆ ಫೋನ್ ಮಾಡಿಬಿಟ್ಟ. "ಅಕ್ಕ, ಅಂಕಲ್ ಕಾಣ್ತಿಲ್ಲ ಅಕ್ಕ, ಕೆರೆ ಹತ್ರಾನೇ ಇದ್ರು." ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೆಂದರೆ ಇದೇ.

ಪಿಳ್ಳಮ್ಮ ಮೊರವನ್ನು ಸೊಂಟಕ್ಕಿಟ್ಟುಕೊಂಡು ಮೇಲಿನಿಂದ ಕೂಗಿದರು. "ಯಾಕವ್ವ ನೀರ್ತಾವ್ ಬಡ್ಕಂತೀಯ? ಅಣ್ಣ ಕೆರೆ ಕಡೀಕ್ ಬರ್ನೇ ಇಲ್ಲ. ಅದೇನೋ ಸೈರನ್ನು ಕೂಕ್ಕಂತಲ್ಲ, ಆಗ್ಲೇ ಎದ್ದು, ಸರ್ಟು ಒಳೀಕಾಕ್ಕಂಡು, ತಲೆ ಸವರ್ಕಂಡು ರೋಡ್ ಕಡೀಕ್ ಓದ್ರು. ಕೆಲ್ಸಕ್ ಓಗೋರಂಗೇ ಇದ್ರು, ನಾನ್ಯಾಕ್ ತಡೀಲಿ?"

ನಾನು ಕೆಸರಿನಲ್ಲೇ ಕುಕ್ಕರಿಸಿದೆ. ವಾರಗಟ್ಟಲೆ ನೀರು, ನೀರು ಎಂದು ನಾನು, ಮಗಳು, ಡಾಕ್ಟರು ಎಲ್ಲರೂ ಹೆದರಿದ್ದೆವು. ಗೋಡೆಯನ್ನು ಅಳೆದಿದ್ದೇ ಅಳೆದಿದ್ದು. ಸೈರನ್ ನನ್ನ ಕಿವಿಗೂ ಬಿದ್ದಿತ್ತು. ಕಾರ್ಖಾನೆಯವನ ಹೆಂಡತಿಯಾಗಿ ನಾನು ಅನ್ನದ ಡಬ್ಬಿ ತೆಗೆದೆ, ಕಾರ್ಖಾನೆಯವನಾಗಿ ಅವರು ಪಾಳಿಗೆ ಎದ್ದು ಹೊರಟರು. ಭಯ ಇಳಿದ ಜಾಗದಲ್ಲಿ ಸಿಟ್ಟು ನೆತ್ತಿಗೇರಿತು. ನನ್ನ ಹೆಸರು ಮರೆತ ಮನುಷ್ಯನಿಗೆ ಸೈರನ್ ಮರೆತಿಲ್ಲ! ಇದ್ದ ಬುದ್ಧಿಯನ್ನೆಲ್ಲ ಜೀವನಪೂರ್ತಿ ಆ ಕಾರ್ಖಾನೆಗೆ ಸುರಿದರು, ಈಗ ತಳದಲ್ಲಿ ಉಳಿದ ಚೂರೂ ಅದಕ್ಕೇ ಮೀಸಲು. ಸಿಗಲಿ, ಇವತ್ತು ಎರಡು ಕೊಟ್ಟೇಬಿಡುತ್ತೇನೆ ಎಂದುಕೊಂಡೇ ಬರಿಗಾಲಿನಲ್ಲಿ ಮುನಿಕೃಷ್ಣನ ಕಾರು ಹತ್ತಿದೆ.

ರಸ್ತೆಗೆ ಬಂದರೆ ಲಾರಿಗಳು ಒಂದರ ಹಿಂದೊಂದು ಧೂಳೆಬ್ಬಿಸಿ ಹೋಗುತ್ತಿದ್ದವು. ಇವರು ಅದನ್ನು ಹೇಗೆ ದಾಟಿದರೋ. ಆಚೆಗೆ, ಹೊಲಗಳ ನಡುವೆ ಎದ್ದಿದ್ದ ಕಾರ್ಖಾನೆಯ ಗೇಟಿನಲ್ಲಿ ಎರಡನೇ ಪಾಳಿಯ ಹುಡುಗ ಹುಡುಗಿಯರು ಕತ್ತಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು. ಅವರ ಸಾಲಿನ ಪಕ್ಕಕ್ಕೆ, ಸೆಕ್ಯೂರಿಟಿಯವನ ಮುಂದೆ ಇವರು ನಿಂತಿದ್ದರು.

ನಿಂತಿದ್ದ ರೀತಿ ನೋಡಿ ನಾನು ಕಾರಿನ ಬಾಗಿಲು ಹಿಡಿದು ಅಲ್ಲೇ ಉಳಿದೆ. ಎರಡೂ ಕೈ ಎದೆಯ ಹತ್ತಿರ ಕೂಡಿಸಿ, ಸೊಂಟ ಸ್ವಲ್ಪ ಬಗ್ಗಿಸಿ, ನಗಲೋ ಬೇಡವೋ ಎಂಬಂಥ ಒಂದು ನಗು ಇಟ್ಟುಕೊಂಡಿದ್ದರು. ಆ ನಗುವನ್ನು ನಾನು ಎಂದೂ ಕಂಡಿರಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳಿ ಏಳುತ್ತಿದ್ದ ಮನುಷ್ಯ ಅವರು.

"ನಾಲ್ಕೇ ದಿನ ಸಾರ್," ಎನ್ನುತ್ತಿದ್ದರು. "ಬಂದ್ಮೇಲೆ ಎಷ್ಟು ಹೇಳಿದ್ರೆ ಅಷ್ಟು ಓವರ್‌ಟೈಮ್ ಮಾಡ್ಕೊಡ್ತೀನಿ ಸಾರ್. ನಮ್ಮನೆಯವಳಿಗೆ ನೀರು ನೋಡ್ಬೇಕಂತೆ. ಮದ್ವೆ ಆದಾಗ್ಲಿಂದ ಕೇಳ್ತಿದ್ದಾಳೆ. ಈ ಸಲನೂ ಆಗಲ್ಲ ಅಂದ್ರೆ ಅವಳಿಗೆ ಮುಖ ತೋರ್ಸೋಕಾಗಲ್ಲ ಸಾರ್."

ಸೆಕ್ಯೂರಿಟಿಯವನು ಉತ್ತರ ಕರ್ನಾಟಕದ ಕಡೆಯವನು, ಅಂಗಿಯ ಮೇಲೆ ಸಂಗಣ್ಣ ಎಂದು ಬರೆದಿತ್ತು. ನನ್ನನ್ನು ಕಂಡು ಅವನಿಗೆ ಜೀವ ಬಂತು. "ನಿಮ್ಮವರೇನ್ರೀ ಅಕ್ಕ? ಆಗಿಂದ ಇದ ಮಾತ್ರೀ. ರಜಾ ಕೊಡ್ರಿ, ರಜಾ ಕೊಡ್ರಿ ಅಂತಾರ. ನಾ ಗೇಟ್ ಕಾಯಾಂವ, ಎಲ್ಲಿಂದ ಕೊಡ್ಲಿ? ಕುಂಡ್ರಿ ಅಂದ್ರ ಕುಂಡ್ರವಲ್ರು."

ಪ್ರತಿ ಬೇಸಿಗೆಯಲ್ಲೂ ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ಕಾರ್ಖಾನೆಯವರೇ ಖರ್ಚು ಕೊಟ್ಟು ಪ್ರವಾಸಕ್ಕೆ ಕಳಿಸುತ್ತಿದ್ದ ಕಾಲ. ಬೀದಿಯವರೆಲ್ಲ ಕನ್ಯಾಕುಮಾರಿಗೆ ಹೋಗಿ ಬಂದು ಬಣ್ಣದ ಮರಳಿನ ಪೊಟ್ಟಣ ತಂದು ನನ್ನ ಕೈಗಿಡುತ್ತಿದ್ದರು. ನಮ್ಮದು ಹೊರಡುವ ಹಿಂದಿನ ದಿನಕ್ಕೆ ಬಂದು ನಿಲ್ಲುತ್ತಿತ್ತು. ಇವರು ಬಂದು ಚಪ್ಪಲಿ ಬಿಡುತ್ತಾ, "ರಜಾ ಆಗ್ಲಿಲ್ಲ ಕಣೆ," ಎನ್ನುತ್ತಿದ್ದರು. ನಾನು ಪೆಟ್ಟಿಗೆಯಿಂದ ಬಟ್ಟೆಗಳನ್ನು ತೆಗೆತೆಗೆದು ನೆಲಕ್ಕೆಸೆಯುತ್ತಿದ್ದೆ. "ನೀವು ಕೇಳೇ ಇರಲ್ಲ! ಬಾಯಿಬಿಟ್ಟು ಕೇಳಿದ್ರೆ ಯಾರಾದ್ರೂ ಕೊಡ್ದೇ ಇರ್ತಾರಾ?" ಅವರು ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದರು.

ಕೇಳಿದ್ದರು. ಹೀಗೆ ಕೈಮುಗಿದು, ಹೀಗೆ ಬಗ್ಗಿ, ಹೀಗೆ ನಕ್ಕು ಕೇಳಿದ್ದರು. ಯಾವನ ಮುಂದೆ? ಯಾವ ಫೋರ್‌ಮನ್ ಕುರ್ಚಿಯಲ್ಲಿ ಕೂತು ಇದನ್ನು ನೋಡಿಯೂ ಆಗಲ್ಲ ಎಂದ? ಆ ಗಳಿಗೆಯಲ್ಲಿ ಅವನು ಕೈಗೆ ಸಿಕ್ಕಿದ್ದರೆ ಮೊಸರನ್ನದ ಡಬ್ಬಿಯಿಂದಲೇ ತಲೆ ಒಡೆಯುತ್ತಿದ್ದೆ. ಇವರ ಮೇಲೂ ಸಿಟ್ಟು ಬಂತು. ಹೀಗೆ ಬೇಡಿದೆ ಕಣೆ ಎಂದು ಒಂದು ಮಾತು ಮನೆಯಲ್ಲಿ ಹೇಳಬಾರದಾಗಿತ್ತೆ? ಗಂಡಸುತನಕ್ಕೆ ಕುಂದೆಂದು ನುಂಗಿಕೊಂಡರು. ಅವರ ಗಂಡಸುತನ ಉಳಿಯಿತು, ನನ್ನ ಬಾಯಿ ಕೆಟ್ಟದಾಯಿತು.

ಹೋಗಿ ತೋಳು ಹಿಡಿದೆ. "ಬನ್ನಿ, ಹೋಗೋಣ."

ಕೊಸರಿಕೊಂಡರು. "ಯಾರಮ್ಮ ನೀವು? ಬಿಡಿ, ಸಾಹೇಬ್ರು ಇನ್ನೇನು ಒಪ್ಪೋ ಹಾಗಿದ್ದಾರೆ."

"ನಾನು ನಿಮ್ಮ ಹೆಂಡ್ತಿ ಕಣ್ರೀ."

ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೆಸರಿನ ಕಾಲು, ಬಿಚ್ಚಿದ ಕೂದಲು, ಅಂದಾಜಿನ ಕುಂಕುಮ. "ನನ್ನ ಹೆಂಡ್ತಿ ಮನೇಲಿ ಪೆಟ್ಟಿಗೆ ಕಟ್ತಿದ್ದಾಳೆ," ಎಂದು ಮತ್ತೆ ಸಂಗಣ್ಣನ ಕಡೆ ತಿರುಗಿ ಕೈಮುಗಿದರು.

ಅದನ್ನು ಇನ್ನೊಮ್ಮೆ ನೋಡಲು ನನ್ನಿಂದಾಗಲಿಲ್ಲ. ಸೆರಗು ಸರಿಮಾಡಿಕೊಂಡೆ. ಕೂದಲು ಗಂಟು ಹಾಕಿದೆ. ನಮ್ಮ ಬ್ಯಾಂಕಿನ ಮ್ಯಾನೇಜರ್ ಹೆಂಗಸು ಮಾತಾಡುವ ದನಿ ನೆನಪಿಸಿಕೊಂಡು, "ಕೃಷ್ಣಸ್ವಾಮಿಯವರೇ," ಎಂದೆ. "ಇಲ್ಲಿ ನೋಡಿ. ನಾನು ಪರ್ಸನೆಲ್ ಡಿಪಾರ್ಟ್‌ಮೆಂಟಿನವಳು. ನಿಮ್ಮ ರಜಾ ಸ್ಯಾಂಕ್ಷನ್ ಆಗಿದೆ. ಕೈ ಇಳಿಸಿ."

"ಆಗಿದ್ಯಾ ಮೇಡಂ?"

"ಆಗಿದೆ. ಇನ್ಮೇಲೆ ಯಾರ ಮುಂದೂ ಹೀಗೆ ನಿಲ್ಲಬೇಡಿ."

"ಹೌದ್ರಿ, ಆಗೇದ್ರಿ," ಎಂದ ಸಂಗಣ್ಣ. ಅವನ ಕಣ್ಣೂ ಕೆಂಪಾಗಿತ್ತು. ಇವರು ನನಗೊಂದು, ಅವನಿಗೊಂದು ನಮಸ್ಕಾರ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕಾರು ಹತ್ತಿದರು.

ಮತ್ತೆ ಅದೇ ಜಗಲಿ, ಅದೇ ಕುರ್ಚಿ. ಪಿಳ್ಳಮ್ಮ ನನಗೆ ಕಾಲು ತೊಳೆಯಲು ನೀರು ಕೊಟ್ಟರು. ಇವರು ಹಸಿದಿದ್ದರು, ಮೊಸರನ್ನವನ್ನು ಅಚ್ಚುಕಟ್ಟಾಗಿ ತಿಂದರು. ನಾನು ಪಕ್ಕದಲ್ಲೇ, ಅವರ ಮಣಿಕಟ್ಟನ್ನು ಬಿಡದೆ ಕೂತೆ. ಮುನಿಕೃಷ್ಣ ಒದ್ದೆ ಪ್ಯಾಂಟಿನಲ್ಲಿ ಅಂಗಳದಲ್ಲಿ ತಿರುಗಾಡುತ್ತಿದ್ದ. ಕೊನೆಗೆ ಬಾಯಿಬಿಟ್ಟ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ನಮಗಿದು ರಿಸ್ಕು. ನಾಳೆ ಏನಾದ್ರೂ ಆದ್ರೆ ಮನೆ ಹೆಸರು ಹಾಳಾಗತ್ತೆ. ಬೇರೆ ಕಡೆ ನೋಡ್ಕೊಳ್ಳಿ."

"ಕುಡಿದು ಬಿದ್ದಿರೋರು ರಿಸ್ಕಲ್ಲ, ನಾವು ರಿಸ್ಕಾ?" ಎಂದೆ. "ನೀನು ಗೋಡೆ ಒಡೆದದ್ದು ರಿಸ್ಕು. ಕಟ್ಟಿಸು. ರಸ್ತೆ ಕಡೆ ಗೇಟಿಗೆ ಮೇಲೊಂದು ಚಿಲಕ ಹಾಕ್ಸು. ಕನ್ನಡಿ, ಮ್ಯಾಟು ನಾನು ನೋಡ್ಕೋತೀನಿ. ಗೋಡೆ ಎದ್ದ ಮಾರನೇ ದಿನ ಬರ್ತೀವಿ."

"ಆಂಟಿ, ಸೈರನ್ ಬೇರೆ ಇದ್ಯಲ್ಲ. ಅದು ದಿನಾ ಕೂಗತ್ತೆ."

"ಕೂಗ್ಲಿ. ಅದು ಕೂಗುತ್ತೆ ಅಂತಲೇ ನನಗೆ ಈ ಮನೆ ಬೇಕು."

ಅವನು ನನಗೂ ತಲೆ ಕೆಟ್ಟಿತೆಂಬಂತೆ ನೋಡಿದ. ಪಿಳ್ಳಮ್ಮ ಮಗನ ಮೇಲೆ ಹರಿಹಾಯ್ದರು. "ಏನ್ಲಾ ಅಂಗ್ ನೋಡ್ತೀಯ? ನಿಮ್ಮಪ್ಪ ಕಟ್ಸಿದ್ ಗ್ವಾಡೆ ಅದು. ಬ್ಯಾಡ ಬ್ಯಾಡ ಅಂದ್ರೂ ಕೆಡವ್ದೆ. ಕಟ್ಸೋದ್ ಕಲಿ."

ಆಗ ಸುಕೃತಿಯ ಫೋನ್ ಬಂತು. ಅವರಪ್ಪ ಸಿಕ್ಕಿದ್ದು ಮುನಿಕೃಷ್ಣ ಅವಳಿಗೆ ಆಗಲೇ ತಿಳಿಸಿದ್ದ. ಅವಳು ಅಳುತ್ತಿರಲಿಲ್ಲ, ಅದಕ್ಕಿಂತ ಕೆಟ್ಟದಾಗಿ, ಶಾಂತವಾಗಿ ಮಾತಾಡಿದಳು. "ಅಮ್ಮ, ಆಯ್ತಲ್ಲ, ನೋಡಿದ್ಯಲ್ಲ. ನೀನು ಪ್ರಾಮಿಸ್ ಮಾಡಿದ್ದೆ. ಎಲ್ಲಾ ಕ್ಯಾನ್ಸಲ್. ನಾನು ಬರ್ತಿದ್ದೀನಿ, ಇಬ್ರೂ ಅಲ್ಲೇ ಇರಿ."

"ಬಾ," ಎಂದೆ. "ಬಂದು ನೀನೂ ಕೂತ್ಕೊ. ನಿಮ್ಮಪ್ಪ ನೀರಿಗೆ ಹೋಗ್ಲಿಲ್ಲ ಕಣೆ. ನನಗೋಸ್ಕರ ರಜಾ ಕೇಳೋಕೆ ಹೋಗಿದ್ರು. ಇಲ್ಲಿ ಇರೋವಷ್ಟು ದಿನ ಸೈರನ್ ಆದಾಗ ನಾನೇ ಕೈ ಹಿಡ್ಕೊಂಡು ರಸ್ತೆ ದಾಟಿಸಿ ಆ ಗೇಟಿನ ತನಕ ಕರ್ಕೊಂಡು ಹೋಗ್ತೀನಿ. ಕೇಳ್ಲಿ. ರಜಾ ನಾನೇ ಕೊಡ್ತೀನಿ."

"ಅಮ್ಮ, ನೀನೇನು ಹೇಳ್ತಿದ್ಯ ನನಗೆ ಅರ್ಥ ಆಗ್ತಿಲ್ಲ. ಅಪ್ಪನಿಗೆ ನೀನು ಯಾರು ಅಂತಾನೂ..."

"ಗೊತ್ತಿಲ್ಲ. ಗೊತ್ತಿಲ್ಲದಿದ್ರೂ ಕೇಳಿದ್ರು," ಎಂದು ಫೋನ್ ಇಟ್ಟೆ.

ಇವರು ತಟ್ಟೆಯನ್ನು ಪಕ್ಕಕ್ಕಿಟ್ಟು ಕೆರೆಯನ್ನೇ ನೋಡುತ್ತಿದ್ದರು. ನಮ್ಮ ಮಾತಿನಲ್ಲಿ ಯಾವುದೋ ಒಂದು ಕಿವಿಗೆ ಬಿದ್ದಿರಬೇಕು. ನನ್ನ ಕಡೆ ಬಗ್ಗಿ, ಸೀನಿಯರ್ ಆಫೀಸರಿಗೆ ಹೇಳುವ ತಗ್ಗಿದ ದನಿಯಲ್ಲಿ ಶುರುಮಾಡಿದರು.

"ಮೇಡಂ, ಜಾಗ ಚೆನ್ನಾಗಿದೆ. ಅವಳನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ. ಅವಳಿಗೆ ಸಿಟ್ಟು ಜಾಸ್ತಿ ಮೇಡಂ, ಮನಸ್ಸು ಒಳ್ಳೇದು. ಆದ್ರೆ ರಜಾ ಆಯ್ತು ಅಂತ ಈಗ್ಲೇ ಅವಳಿಗೆ ಹೇಳ್ಬೇಡಿ. ಹೇಳಿದ್ಮೇಲೆ ಯಾರಾದ್ರೂ ಕ್ಯಾನ್ಸಲ್ ಮಾಡ್ಬಿಟ್ರೆ, ಅವಳು ಬಟ್ಟೆ ವಾಪಸ್ ತೆಗೀತಾಳಲ್ಲ, ಅದನ್ನ ನೋಡೋಕಾಗಲ್ಲ ನನಗೆ."

ನಾನು ಅವರ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. "ಕ್ಯಾನ್ಸಲ್ ಆಗಲ್ಲ," ಎಂದೆ. "ಅದ್ಯಾವನು ಮಾಡ್ತಾನೋ ನಾನೂ ನೋಡ್ತೀನಿ."